ಹಿಂದಕ್ಕೆ ಒದೆಯುವ ಗಾಡಿ

ಮಾರ್ಚ್ 3

ಅಣ್ಣಾ,

ಇನ್ನು ಮುಂದೆ ಫೋನಿನಲ್ಲಿ ಮಾತೇ ಬೇಡ ಎಂದು ಹೋದ ಸಲ ಇಬ್ಬರೂ ಒಟ್ಟಿಗೇ ಕಿರುಚಿದೆವಲ್ಲ, ಈ ಜನ್ಮದಲ್ಲಿ ನಾವಿಬ್ಬರೂ ಒಮ್ಮತದಿಂದ ಆಡಿದ ಮಾತು ಅದೊಂದೇ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ವಿಷಯ ಅಮ್ಮನ ಮೋಟಾರ್ ಸೈಕಲ್ಲಿನದು. ಅವಳು ಹೋದ ಮೇಲೆ ಶೆಡ್ಡಿನಲ್ಲಿ ಧೂಳು ಕುಡಿಯುತ್ತಾ ನಿಂತಿತ್ತು. ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಸತ್ತಿತ್ತು. ಅದನ್ನು ಬಿಚ್ಚಿಸಿ, ಕಾಯಿಲ್ ಹೊಸದಾಗಿ ಸುತ್ತಿಸಿ ತಂದಿದ್ದೇನೆ. ಕಿಡಿ ಈಗ ಚಟ್ ಎಂದು ನೀಲಿಯಾಗಿ ಹಾರುತ್ತದೆ. ಆದರೆ ಬಿಚ್ಚಿದ ಮಹಾರಾಯ ಯಾವ ಗುರುತೂ ಹಾಕದೆ ಬಿಚ್ಚಿದ್ದಾನೆ. ಟೈಮಿಂಗ್ ಕೂರಿಸಿಕೊಡಪ್ಪಾ ಎಂದರೆ, "ಇದರ ಕಾಲದವರೆಲ್ಲ ಹೋದ್ರು ಮೇಡಂ. ಮನೆ ಮುಂದೆ ನಿಲ್ಸಿ, ಮೇಲೊಂದು ಹೂಕುಂಡ ಇಡಿ, ಚೆನ್ನಾಗಿ ಕಾಣುತ್ತೆ" ಎಂದ. ಆ ಹೂಕುಂಡವನ್ನು ಅವನ ತಲೆ ಮೇಲೆ ಇಡಬೇಕು ಅನಿಸಿತು.

ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬುದು ಅಮ್ಮನಿಗೆ ಗೊತ್ತಿತ್ತು, ನಿನಗೆ ಗೊತ್ತು. ನನಗೆ ಯಾರೂ ಕಲಿಸಲಿಲ್ಲ. ನೀವಿಬ್ಬರೂ ಎಂಜಿನ್ ಮೇಲೆ ಬಗ್ಗಿ ಗುಸುಗುಸು ಅನ್ನುತ್ತಿದ್ದಾಗ ನಾನು ಟಾರ್ಚ್ ಹಿಡಿದು ನಿಂತಿರುತ್ತಿದ್ದೆ. "ಕೈ ಅಲ್ಲಾಡಿಸ್ಬೇಡ್ವೇ" ಅನ್ನುವುದೊಂದೇ ನನಗೆ ಸಿಕ್ಕ ಪಾಠ. ಈಗ ಆ ಕೈ ಅಲ್ಲಾಡುವುದಿಲ್ಲ. ದಿನವಿಡೀ ಹಲ್ಲಿನ ಸೆಟ್ ಮಾಡುವವಳು ನಾನು, ಕೂದಲೆಳೆಯಷ್ಟು ಎತ್ತರ ತಗ್ಗಾದರೂ ಹಿಡಿಯುತ್ತೇನೆ. ನೀನು ಸರಿಯಾಗಿ ಬರೆದರೆ ನಾನು ಸರಿಯಾಗಿ ಮಾಡುತ್ತೇನೆ.

ಗಾಡಿ ಓಡಬೇಕು, ನಾನು ಅದರಲ್ಲಿ ಕೆಲಸಕ್ಕೆ ಹೋಗಬೇಕು. ಅಷ್ಟೇ ನನಗೆ ಬೇಕಾಗಿರುವುದು.

ಇಂತಿ,
ಟಾರ್ಚ್ ಹಿಡಿದವಳು


ಮಾರ್ಚ್ 9

ಮೊಂಡೀ,

ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ. ಹಡಗು ಇನ್ನೂ ದಕ್ಕೆಗೆ ಬಂದಿಲ್ಲ, ಸ್ವಲ್ಪ ಬಿಡುವಿದೆ. ಆ ಗಾಡಿಯಲ್ಲಿ ನೀನು ಕೆಲಸಕ್ಕೆ ಹೋಗುವುದನ್ನು ನೆನೆಸಿಕೊಂಡೇ ನಗು ಬಂತು. ಸ್ಟ್ಯಾಂಡ್ ತೆಗೆಯಲು ಇಬ್ಬರು ಬೇಕು ನಿನಗೆ. ಇರಲಿ, ಕೇಳಿದ್ದೀಯ, ಹೇಳುತ್ತೇನೆ. ಓದಿ ಮುಗಿಸುವ ಮೊದಲೇ ಸ್ಪ್ಯಾನರ್ ಹಿಡಿಯಬೇಡ, ನಿನ್ನ ಬುದ್ಧಿ ನನಗೆ ಗೊತ್ತು.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಟಾಪ್ ಗೇರಿಗೆ ಹಾಕು. ಹಿಂದಿನ ಚಕ್ರ ತಿರುಗಿಸಿದರೆ ಎಂಜಿನ್ ತಿರುಗುತ್ತದೆ. ಪ್ಲಗ್ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿ. ಗಾಳಿ ಬೆರಳನ್ನು ದೂಡಿದರೆ ಅದೇ ನಮಗೆ ಬೇಕಾದ ಸುತ್ತು. ದೂಡದಿದ್ದರೆ ಅದು ಹೊಗೆ ಹೊರಹಾಕುವ ಸುತ್ತು, ಅಲ್ಲಿ ಕೂರಿಸಿದರೆ ಕಥೆ ಮುಗಿಯಿತು. ಒಂದು ಸೈಕಲ್ ಕಡ್ಡಿ ಇಳಿಬಿಟ್ಟು, ಪಿಸ್ಟನ್ ತುತ್ತತುದಿಗೆ ಬರುವ ಜಾಗವನ್ನು ಅದರ ಮೇಲೆ ಗುರುತು ಮಾಡಿಕೋ. ಅಲ್ಲಿಂದ ಚಕ್ರವನ್ನು ಹಿಂದಕ್ಕೆ ತಿರುಗಿಸು, ಕಡ್ಡಿ ಅರ್ಧ ಇಂಚಿಗಿಂತ ಒಂದೆಳೆ ಕಡಿಮೆ ಇಳಿಯಲಿ.

ಇನ್ನು ಹ್ಯಾಂಡಲಿನ ಎಡಗಡೆ ಇರುವ ಸಣ್ಣ ಲಿವರ್. ಇದನ್ನು ತಲೆಗೆ ಹಾಕಿಕೋ. ಮುಂದಕ್ಕೆ ಪೂರ್ತಿ ತಳ್ಳಿದರೆ ಕಿಡಿ ಬೇಗ. ನಿನ್ನ ಕಡೆಗೆ ಎಳೆದರೆ ಕಿಡಿ ತಡ. ಟೈಮಿಂಗ್ ಕೂರಿಸುವಾಗ ಮುಂದಕ್ಕೆ ತಳ್ಳಿಬಿಡು. ಮ್ಯಾಗ್ನೆಟೊ ಒಳಗೆ, ತೆರೆದಾಗ ಕಿಡಿ ಹಾರಿಸುವ ಎರಡು ಪಾಯಿಂಟ್‌ಗಳ ನಡುವೆ ಸಿಗರೇಟಿನ ಕಾಗದ ಸಿಕ್ಕಿಸಿ, ಅದು ಆಗಷ್ಟೇ ಸಡಿಲಾಗಿ ಜಾರುವ ಜಾಗದಲ್ಲಿ ಮ್ಯಾಗ್ನೆಟೊ ತಿರುಗಿಸುವ ಗೇರನ್ನು ಬಿಗಿ ಮಾಡು. ಆಮೇಲೆ ಸ್ಟಾರ್ಟ್ ಮಾಡುವಾಗ ಮಾತ್ರ ಲಿವರನ್ನು ನಿನ್ನ ಕಡೆಗೆ ಎಳೆದುಕೊಂಡೇ ಕಿಕ್ ಹೊಡೆಯಬೇಕು. ಕಿಡಿ ಬೇಗ ಹಾರಿದರೆ ಪಿಸ್ಟನ್ ಮೇಲೇರುವ ಮೊದಲೇ ಬೆಂಕಿ ಬಿದ್ದು ಕಿಕ್ಕರ್ ಹಿಂದಕ್ಕೆ ಒದೆಯುತ್ತದೆ. ದೊಡ್ಡ ದೊಡ್ಡ ಗಂಡಸರ ಕಾಲು ಮುರಿದಿದೆ.

ಇದೆಲ್ಲ ಅಮ್ಮನೇ ನನ್ನ ಕೈ ಹಿಡಿದು ಕಲಿಸಿದ್ದು. ಕಣ್ಣು ಮುಚ್ಚಿದರೂ ಮಾಡುತ್ತೇನೆ. ಸ್ಟಾರ್ಟ್ ಆದ ಕೂಡಲೇ ಬರೆ, ತಡ ಮಾಡಬೇಡ.

ನಿನ್ನಣ್ಣ


ಮಾರ್ಚ್ 17

ಅಣ್ಣಾ,

ನನ್ನನ್ನು ಸಾಯಿಸಬೇಕೆಂದಿದ್ದರೆ ನೇರವಾಗಿ ಹೇಳಬಹುದಿತ್ತು, ಇಷ್ಟುದ್ದ ಬರೆಯುವ ಕಷ್ಟ ಯಾಕೆ ತೆಗೆದುಕೊಂಡೆ?

ನೀನು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದೆ. ಸಿಗರೇಟಿನ ಕಾಗದದ ಬದಲು ನಮ್ಮ ಲ್ಯಾಬಿನ ಕಾಗದ ತಂದಿದ್ದೆ, ಹಲ್ಲಿನ ಸೆಟ್ಟನ್ನು ಕಚ್ಚಿಸಿ ನೋಡುವುದಕ್ಕೆ ಬಳಸುವುದು. ಸಿಗರೇಟಿನದಕ್ಕಿಂತ ತೆಳು. ಅಳತೆಯಲ್ಲಿ ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ. ಲಿವರನ್ನು ನನ್ನ ಕಡೆಗೆ ಎಳೆದುಕೊಂಡೇ ಕಿಕ್ ಹೊಡೆದೆ. ಕಿಕ್ಕರ್ ಕೆಳಗೆ ಹೋಗುವ ಮೊದಲೇ ವಾಪಸ್ ಬಂದು ಪಾದಕ್ಕೆ ಬಡಿಯಿತು. ನಾನು ಹಾರಿ ಶೆಡ್ಡಿನ ಬಾಗಿಲಿಗೆ ಹೋಗಿ ಬಿದ್ದೆ. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ, "ಏನ್ ಬಿತ್ತೇ?" ಎಂದು ಕೇಳಿದರು. "ನಾನೇ ಅಜ್ಜಿ" ಎಂದೆ.

ಮೂಳೆ ಮುರಿದಿಲ್ಲ, ಉಳುಕಿದೆ. ಕಣಕಾಲು ಕುಂಬಳಕಾಯಿಯಷ್ಟಾಗಿದೆ. ಲ್ಯಾಬಿನಲ್ಲಿ ಒಂಟಿ ಕಾಲಲ್ಲಿ ನಿಂತು ಪ್ರಪಂಚದವರ ದವಡೆ ಉಜ್ಜುತ್ತಿದ್ದೇನೆ. ನಿನಗೆ ನೆನಪಿಲ್ಲದಿದ್ದರೆ ನೆನಪಿಲ್ಲ ಎಂದು ಬರೆಯಬೇಕಿತ್ತು. ಕಣ್ಣು ಮುಚ್ಚಿದರೂ ಮಾಡುತ್ತಾನಂತೆ! ಕಣ್ಣು ಮುಚ್ಚಿಕೊಂಡೇ ಬರೆದಿದ್ದೀಯ.


ಮಾರ್ಚ್ 22

ಮೊಂಡೀ,

ತಪ್ಪು ನೀನು ಮಾಡಿ ನನ್ನ ತಲೆಗೆ ಕಟ್ಟಬೇಡ. ನಾನು ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಹೆಬ್ಬೆರಳನ್ನು ಸರಿಯಾಗಿ ಒತ್ತದೆ ಹೊಗೆಯ ಸುತ್ತಿನಲ್ಲಿ ಕೂರಿಸಿದ್ದೀಯ, ಇಲ್ಲವೇ ಗೇರ್ ಬಿಗಿ ಮಾಡುವಾಗ ಜಾರಿಸಿದ್ದೀಯ. ಚಿಕ್ಕಂದಿನಿಂದಲೂ ಅಷ್ಟೇ. ಅರ್ಧ ಕೇಳುವುದು, ಮಿಕ್ಕದ್ದನ್ನು ನಿನ್ನ ತಲೆಯಿಂದ ಸೇರಿಸುವುದು.

ಆ ಗಾಡಿ ನನ್ನ ಕೈಯಲ್ಲಿ ಒಂದು ಸಲವೂ ಹಿಂದಕ್ಕೆ ಒದ್ದಿಲ್ಲ. ಹೆರಿಗೆ ನೋವು ಬಂತು ಎಂದು ಯಾರೋ ಬಾಗಿಲು ಬಡಿದರೆ ಅಮ್ಮ ಬ್ಯಾಗ್ ಜೋಡಿಸುವಷ್ಟರಲ್ಲಿ ನಾನು ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದೆ. ಆಗ ನನಗೆ ಮೀಸೆ ಕೂಡ ಬಂದಿರಲಿಲ್ಲ. ಅಮ್ಮ ನನಗೆ ಕಲಿಸಿ ನಿನಗೆ ಕಲಿಸಲಿಲ್ಲ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು.

ಮತ್ತೆ ಮೊದಲಿನಿಂದ ಮಾಡು. ಎಲ್ಲ ಅದೇ. ಲಿವರ್ ಮುಂದಕ್ಕೆ, ಕಿಡಿ ಬೇಗ. ಈ ತಿಂಗಳೊಳಗೆ ಸ್ಟಾರ್ಟ್ ಆಗಿಬಿಟ್ಟರೆ ಒಳ್ಳೆಯದು. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಕಾಲಿಗೆ ಐಸ್ ಇಡು. ಬಿಸಿನೀರು ಹಾಕಬೇಡ.


ಮಾರ್ಚ್ 30

ಯಾಕೆ ಎಂದು ನೀನು ಹೇಳಬೇಕಾಗಿಲ್ಲ. ನಿನ್ನ ಗಿರಾಕಿಯೇ ಬಂದು ಹೇಳಿ ಹೋದ.

ಬೆಳಗ್ಗೆ ಬಾಗಿಲಲ್ಲಿ ಟೋಪಿ ಹಾಕಿಕೊಂಡ ಮನುಷ್ಯನೊಬ್ಬ ನಿಂತಿದ್ದ. ಹಳೇ ಗಾಡಿಗಳನ್ನು ಕೂಡಿಹಾಕುತ್ತಾನಂತೆ. ಶೆಡ್ಡಿಗೆ ನಡೆದವನು ನನ್ನನ್ನು ಒಂದು ಮಾತು ಕೇಳಲಿಲ್ಲ. ಟ್ಯಾಂಕ್ ಸವರಿದ, ಸೀಟ್ ತಟ್ಟಿದ. ಕೊನೆಗೆ, "ನಿಮ್ಮಣ್ಣ ಹೇಳಿದ್ರು, ನೀವು ಸ್ಟಾರ್ಟ್ ಮಾಡಿ ಇಟ್ಟಿರ್ತೀರಿ ಅಂತ. ಓಡೋ ಗಾಡಿ ಆದ್ರೆ ಮಾತ್ರ ತಗೊಳೋದು ಅಂತ ಮೊದಲೇ ಮಾತಾಗಿದೆ" ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. ನೀನು ಸೈಕಲ್ ಕಡ್ಡಿ, ಹೆಬ್ಬೆರಳು, ಕಾಗದ ಎಂದು ಪಾಠ ಹೇಳಿದ್ದು ಇದಕ್ಕಾ? ನನ್ನ ಕೈಯಲ್ಲೇ ರಿಪೇರಿ ಮಾಡಿಸಿ ನನ್ನ ಕಣ್ಣೆದುರೇ ಮಾರುವುದಕ್ಕಾ? ನಾನು ಕಾಲು ಉಳುಕಿಸಿಕೊಂಡು ಕುಂಟಿದ್ದು ಆ ಟೋಪಿಯವನಿಗೋಸ್ಕರವಾ? ನನಗೇನು ಬೇಕು ಎಂದು ಮೊದಲ ಪತ್ರದಲ್ಲೇ ಬರೆದಿದ್ದೆ. ಓದಿ ನಕ್ಕೆ ಎಂದೆಯಲ್ಲ, ಯಾಕೆ ನಕ್ಕೆ ಎಂದು ಈಗ ಗೊತ್ತಾಯಿತು.

ಅವನನ್ನು ಗೇಟಿನಾಚೆ ಕಳಿಸಿದ್ದೇನೆ. ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಸಮಜಾಯಿಷಿ ಏನಾದರೂ ಇದ್ದರೆ ಬರೆದು ಕಳಿಸು, ಅಂಚೆಯವನಾದರೂ ಬದುಕಿಕೊಳ್ಳಲಿ.


ಏಪ್ರಿಲ್ 4

ಸಮಜಾಯಿಷಿ ಕೊಡಲು ನಾನೇನು ಕಟಕಟೆಯಲ್ಲಿ ನಿಂತಿಲ್ಲ.

ಗಾಡಿ ನನ್ನ ಹೆಸರಿನಲ್ಲಿದೆ. ಹಾಗೆ ಮಾಡಿಸಿದ್ದು ಅಮ್ಮ, ನಾನಲ್ಲ. ನಾಳೆ ನೀನು ಅದರಲ್ಲಿ ಹೋಗುವಾಗ ಯಾವುದಾದರೂ ಲಾರಿ ಕೆಳಗೆ ಸಿಕ್ಕಿಕೊಂಡರೆ ಯಾರು ಹೊಣೆ? ಅಮ್ಮ ಹೋದಳು. ನೀನು ಒಬ್ಬಳಿದ್ದೀಯ. ಆ ಕಬ್ಬಿಣದ ಮೇಲೆ ಕೂತು ನೀನೂ ಹೋಗುವುದು ಬೇಡ. ಅದನ್ನು ನಿನಗೆ ಹೇಳಿದರೆ ಕೇಳುತ್ತಿದ್ದೆಯಾ? ಕೇಳುವವಳಲ್ಲ. ಅದಕ್ಕೇ ಹೇಳಲಿಲ್ಲ. ಗಾಜಿನ ಹಿಂದೆ ಚೆನ್ನಾಗಿ ಒರೆಸಿ ಇಟ್ಟುಕೊಳ್ಳುವವನಿಗೆ ಕೊಡುತ್ತಿದ್ದೇನೆ, ಗುಜರಿಗಲ್ಲ.

ಅದಲ್ಲದೆ, ಇಷ್ಟು ವಿವರವಾಗಿ ಬರೆದುಕೊಟ್ಟರೂ ಸ್ಟಾರ್ಟ್ ಮಾಡಲಾಗದವಳು ಅದನ್ನು ಇಟ್ಟುಕೊಂಡು ಮಾಡುವುದೇನು? ಹದಿನಾಲ್ಕನೇ ತಾರೀಕು ಅವನು ವ್ಯಾನ್ ತೆಗೆದುಕೊಂಡು ಮತ್ತೆ ಬರುತ್ತಾನೆ. ಆ ದಿನ ರಂಪ ಮಾಡಬೇಡ.


ಏಪ್ರಿಲ್ 8

ಅಣ್ಣಾ,

ಗಾಡಿ ಸ್ಟಾರ್ಟ್ ಆಯಿತು. ಮೊದಲ ಕಿಕ್ಕಿಗೇ. ಸದ್ದು ಕೇಳಿ ಪಕ್ಕದ ಮನೆಯ ಅಜ್ಜಿ ಓಡಿ ಬಂದು ಗೋಡೆ ಹಿಡಿದು ನಿಂತುಬಿಟ್ಟರು, "ನಿಮ್ಮಮ್ಮ ಬಂದ್ಳೇನೋ ಅನ್ಕೊಂಡೆ ಕಣೇ" ಎಂದರು.

ಯಾಕೆ ಒದೆಯುತ್ತಿತ್ತು ಎಂದು ಹೇಳುತ್ತೇನೆ, ಕೂತುಕೊಂಡು ಓದು.

ನಿನ್ನ ಪತ್ರವನ್ನು ಪಕ್ಕಕ್ಕಿಟ್ಟೆ. ಮ್ಯಾಗ್ನೆಟೊ ಮುಚ್ಚಳ ತೆಗೆದು ಸ್ಟೂಲ್ ಹಾಕಿಕೊಂಡು ಕೂತೆ. ಲಿವರನ್ನು ಅತ್ತ ಇತ್ತ ಸರಿಸುತ್ತಾ ಒಳಗಿನ ಉಂಗುರ ಯಾವ ಕಡೆ ತಿರುಗುತ್ತದೆ ಎಂದು ಬರೀ ನೋಡಿದೆ. ಮುಂದಕ್ಕೆ ತಳ್ಳಿದರೆ ಪಾಯಿಂಟ್ ತಡವಾಗಿ ತೆರೆಯುತ್ತದೆ. ನನ್ನ ಕಡೆಗೆ ಎಳೆದರೆ ಬೇಗ. ನೀನು ಬರೆದದ್ದಕ್ಕೆ ಸರಿಯಾಗಿ ಉಲ್ಟಾ. ಅಂದರೆ ನೀನು ಹೇಳಿದಂತೆ ತಡದ ಕಡೆ ಇಟ್ಟು ಟೈಮಿಂಗ್ ಕೂರಿಸಿ, ಬೇಗದ ಕಡೆ ಇಟ್ಟು ಕಿಕ್ ಹೊಡೆದಿದ್ದೇನೆ. ಒದೆಯದೆ ಇನ್ನೇನು ಮುದ್ದು ಮಾಡುತ್ತದೆಯೇ? ಈ ಸಲ ಎಳೆದಿಟ್ಟು ಟೈಮಿಂಗ್ ಕೂರಿಸಿ, ಮುಂದಕ್ಕೆ ತಳ್ಳಿ ಕಿಕ್ ಹೊಡೆದೆ.

ಆಮೇಲೆ ಲಿವರನ್ನೇ ನೋಡಿದೆ. ಅದನ್ನು ತಲೆಕೆಳಗಾಗಿ ಕಟ್ಟಿದೆ, ಸ್ಕ್ರೂಗಳ ತಲೆ ನೆಲದ ಕಡೆಗಿದೆ. ಲಿವರಿನ ತುದಿಗೆ ಸ್ಟೆತಸ್ಕೋಪಿನ ರಬ್ಬರ್ ಕೊಳವೆಯ ತುಂಡು ತೊಡಿಸಿದೆ, ಒಂದು ಕಡೆ ಸವೆದು ನುಣ್ಣಗಾಗಿದೆ. ಅಂಗೈಯ ಬುಡ ಕೂರುವ ಜಾಗ ಅದು. ಕಟ್ಟಿದ್ದು ಅಮ್ಮ, ಇನ್ಯಾರು!

ಅವಳ ಎಡಗೈ ಹೆಬ್ಬೆರಳು ಕೆಲಸ ಬಿಟ್ಟಿತ್ತು ಅಣ್ಣಾ. ನರದ ತೊಂದರೆ. ಕೊನೆಯ ವರ್ಷಗಳಲ್ಲಿ ಲೋಟ ಹಿಡಿಯಲಾಗುತ್ತಿರಲಿಲ್ಲ, ಬ್ಲೌಸಿನ ಗುಂಡಿ ನಾನು ಹಾಕುತ್ತಿದ್ದೆ. ಲಿವರನ್ನು ಎಳೆಯಲು ಹೆಬ್ಬೆರಳು ಬೇಕು, ತಳ್ಳಲು ಅಂಗೈ ಸಾಕು. ಸ್ಟಾರ್ಟ್ ಮಾಡುವಾಗ ತಳ್ಳುವ ಹಾಗೆ ಅದನ್ನೇ ತಿರುಗಿಸಿ ಕಟ್ಟಿಕೊಂಡಿದ್ದಾಳೆ, ನನಗೂ ಹೇಳದೆ. ಆ ಕೈಯಲ್ಲೇ ಹೋಗಿ ಮಕ್ಕಳನ್ನು ಭೂಮಿಗೆ ಇಳಿಸಿ ಬಂದಿದ್ದಾಳೆ.

ನಿನಗೆ ಇದು ಹೇಗೆ ಗೊತ್ತಿರಬೇಕು? ನೀನು ಬಂದಿದ್ದರೆ ತಾನೆ! ಅವಳು ಹೋದ ಮೇಲೆ ಬಂದೆ, ಒಂದು ಮಧ್ಯಾಹ್ನ ಕೂತೆ, ಶೆಡ್ಡಿನ ಕಡೆ ತಲೆ ಎತ್ತಿ ನೋಡದೆ ಹೊರಟೆ. ಕೈ ವಿಷಯ ಅಣ್ಣನಿಗೆ ಬರೆಯಲಾ ಎಂದು ಅಮ್ಮನನ್ನು ಕೇಳಿದ್ದೆ. "ಅವನಿಗೆ ಹೇಳ್ಬೇಡ ಕಣೇ, ಕೆಲಸ ಬಿಟ್ಟು ಓಡಿ ಬಂದ್ಬಿಡ್ತಾನೆ" ಎಂದಳು. ಎಂಥ ನಂಬಿಕೆ ನೋಡು ನಿನ್ನ ಮೇಲೆ. ನನಗೆ ನಗು ಬಂದಿತ್ತು.

ಕಣ್ಣು ಮುಚ್ಚಿದರೂ ನಿನಗೆ ಗೊತ್ತಿರುವ ಗಾಡಿ ಯಾವತ್ತೋ ಹೋಯಿತು. ಇಲ್ಲಿರುವುದು ಬೇರೆ. ಇದನ್ನೂ ಮಾರುತ್ತೀಯಾ? ಮಾರು, ನೋಡೋಣ. ನಿನ್ನ ಉತ್ತರಕ್ಕೆ ಕಾಯುತ್ತೇನೆ.


ಏಪ್ರಿಲ್ 12

ನಿನ್ನ ಪತ್ರ ಇವತ್ತು ಬಂತು. ಕ್ರೇನ್ ಮೇಲೆ ಹತ್ತಲಿಲ್ಲ. ಈ ತಲೆಯಲ್ಲಿ ಹತ್ತಬಾರದು, ಕೆಳಗೆ ಜನ ಇರುತ್ತಾರೆ. ರಜೆ ಹಾಕಿ ರೂಮಿಗೆ ಬಂದೆ.

ನೀನು ಎಂಥವಳೇ? ನನ್ನ ತಾಯಿಯ ಕೈ ಹೋಗಿದ್ದು ನನಗೆ ಮ್ಯಾಗ್ನೆಟೊ ಲಿವರಿನಿಂದ ಗೊತ್ತಾಗಬೇಕಾಯಿತಾ? ಫೋನ್ ಮಾಡಿದಾಗೆಲ್ಲ "ಅಮ್ಮ ಚೆನ್ನಾಗಿದಾಳೆ, ಅಮ್ಮ ಚೆನ್ನಾಗಿದಾಳೆ" ಎಂದು ಗಿಣಿಯ ಹಾಗೆ ಒದರಿದೆಯಲ್ಲ. ಅಮ್ಮ ಹೇಳಬೇಡ ಎಂದಳಂತೆ, ಇವಳು ಹೇಳಲಿಲ್ಲವಂತೆ! ಹುಟ್ಟಿದಾಗಿನಿಂದ ಅವಳ ಯಾವ ಮಾತು ಕೇಳಿದ್ದೀಯ ನೀನು, ಅದೊಂದನ್ನು ಕೇಳಲು? ಬರುತ್ತಿರಲಿಲ್ಲ ಎಂದು ನಕ್ಕೆಯಂತೆ. ಬರುತ್ತಿದ್ದೆ. ಕೇಳಿಸಿತಾ? ಬರುತ್ತಿದ್ದೆ. ಬರುವುದೋ ಬಿಡುವುದೋ ನಾನು ತೀರ್ಮಾನ ಮಾಡಬೇಕಿತ್ತು. ಅದನ್ನು ನೀವಿಬ್ಬರೂ ಸೇರಿ ನನ್ನಿಂದ ಕಿತ್ತುಕೊಂಡಿರಿ. ಟಾರ್ಚ್ ಹಿಡಿದು ನಿಂತಿದ್ದೆ ಎಂದು ಅಳುತ್ತೀಯ. ನನ್ನನ್ನು ಕತ್ತಲಲ್ಲಿ ಇಟ್ಟಿದ್ದೂ ನೀನೇ.

ಶೆಡ್ಡಿನ ಕಡೆ ನೋಡಲಿಲ್ಲ, ನಿಜ. ನೋಡಲಾಗಲಿಲ್ಲ.

ಈಗ ಸರಿಯಾಗಿ ಕೇಳು. ಗಾಡಿ ಮಾರುವುದಿಲ್ಲ. ಅದನ್ನು ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ. ನಿನ್ನ ಪತ್ರ ಬರುವ ಮೊದಲೇ ಸಹಿ ಹಾಕಿದ ಕಾಗದಗಳನ್ನು ಆ ಮನುಷ್ಯನಿಗೆ ಅಂಚೆಯಲ್ಲಿ ಕಳಿಸಿಬಿಟ್ಟಿದ್ದೆ. ಬೆಳಗ್ಗೆಯಿಂದ ಅವನಿಗೆ ಫೋನ್ ಮಾಡುತ್ತಿದ್ದೇನೆ, ಎತ್ತುತ್ತಿಲ್ಲ. ನಿನಗೂ ಮಾಡಿದೆ, ಬ್ಲಾಕ್ ಮಾಡಿಕೊಂಡು ಕೂತಿದ್ದೀಯ. ಈ ಪತ್ರ ಹದಿನಾಲ್ಕರೊಳಗೆ ತಲುಪದಿದ್ದರೂ ನನಗೆ ಅಂಥ ಹೆದರಿಕೆಯೇನೂ ಇಲ್ಲ. ಕಾಗದ ಇರಲಿ, ಪೊಲೀಸರನ್ನೇ ಕರೆತರಲಿ, ನೀನು ಕೊಡುವವಳಲ್ಲ. ನಿನ್ನ ಮೊಂಡುತನ ಇದುವರೆಗೆ ನನಗೆ ಒಂದು ದಿನವೂ ಉಪಯೋಗಕ್ಕೆ ಬಂದಿಲ್ಲ. ಈಗ ಬರಲಿ. ಅವನನ್ನು ಬೈದು ಅಟ್ಟು.

ಲಿವರನ್ನು ಮುಟ್ಟಬೇಡ. ಆ ರಬ್ಬರನ್ನು ಒರೆಸಲೂ ಬೇಡ. ವಾರದ ಕೊನೆಗೆ ಬರುತ್ತಿದ್ದೇನೆ. ಬಂದಮೇಲೆ ನಿನ್ನನ್ನು ಮೊದಲು ಚೆನ್ನಾಗಿ ಬೈಯುತ್ತೇನೆ, ನೀನೂ ಬೈ. ಆಮೇಲೆ ಒಂದು ಸಲ ಅಲ್ಲಿ ಅಂಗೈ ಇಟ್ಟು ತಳ್ಳಿ ನೋಡಬೇಕು ನನಗೆ.


ಏಪ್ರಿಲ್ 14

ನಿನ್ನ ಉತ್ತರ ಸಿಕ್ಕಿತು. ಅಂಚೆಯಲ್ಲಿ ಏನೂ ಬರಲಿಲ್ಲ, ಟೋಪಿಯವನೇ ಕೈಯಲ್ಲಿ ಹಿಡಿದು ತಂದ.

ನಾಲ್ಕು ಕಾಗದ, ನಾಲ್ಕರ ಮೇಲೂ ನಿನ್ನ ಸಹಿ. ಜೊತೆಗೆ ನನಗೊಂದು ಸಾಲು ಇರಬಹುದು ಎಂದು ಎಲ್ಲವನ್ನೂ ಎರಡೆರಡು ಸಲ ತಿರುಗಿಸಿ ನೋಡಿದೆ, ನಾಚಿಕೆಯಿಲ್ಲದವಳು. ಅಮ್ಮನ ಕೈ ಹೀಗಾಗಿತ್ತು ಎಂದು ಬರೆದರೆ ನೀನು ಸಹಿ ಹಾಕಿ ಕಳಿಸುತ್ತೀಯ. ಮಾರು ನೋಡೋಣ ಎಂದಿದ್ದೆ, ನೋಡಿಯಾಯಿತು. ನಾನು ರಂಪ ಮಾಡುತ್ತೇನೆ ಎಂದುಕೊಂಡಿದ್ದೆಯಲ್ಲ, ಮಾಡಲಿಲ್ಲ. ರಂಪ ಮಾಡುವುದು ನಮ್ಮವರು ಅನ್ನುವವರ ಹತ್ತಿರ.

ಅವನನ್ನು ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟೆ. ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಲಿವರನ್ನು ಬಿಚ್ಚಿ, ತಿರುಗಿಸಿ, ನಿನ್ನ ಮೊದಲ ಪತ್ರದಲ್ಲಿ ಇದ್ದ ಹಾಗೇ ಕಟ್ಟಿದೆ. ಮುಂದಕ್ಕೆ ತಳ್ಳಿದರೆ ಬೇಗ, ಎಳೆದರೆ ತಡ. ರಬ್ಬರ್ ತುಂಡು ಬಿಗಿಯಾಗಿ ಕೂತಿತ್ತು, ಬ್ಲೇಡಿನಿಂದ ಸೀಳಿ ತೆಗೆಯಬೇಕಾಯಿತು. ತಂದು ಒಲೆಗೆ ಹಾಕಿದೆ. ಮನೆಯೆಲ್ಲ ಇನ್ನೂ ಕಮಟು ವಾಸನೆ. ಗಾಡಿ ನಿನ್ನ ಹೆಸರಿನದು, ಯಾರಿಗೆ ಬೇಕಾದರೂ ಮಾರಿಕೋ. ಅಮ್ಮನ ಕೈಯನ್ನು ಕಂಡವರ ಮನೆಯ ಗಾಜಿನ ಹಿಂದೆ ಇಡಲು ನಾನು ಬಿಡುವುದಿಲ್ಲ.

ಅವನು ಲಿವರ್ ಎಳೆದುಕೊಂಡು ಒಂದೇ ಕಿಕ್ ಹೊಡೆದ. ಸ್ಟಾರ್ಟ್ ಆಯಿತು. "ಟೈಮಿಂಗ್ ಯಾರು ಕೂರಿಸಿದ್ದು, ಬಹಳ ಚೆನ್ನಾಗಿ ಕೂರಿಸಿದಾರೆ" ಎಂದ. "ನಮ್ಮಣ್ಣ" ಎಂದೆ. ವ್ಯಾನಿಗೆ ಹತ್ತಿಸಲು ನಾನೇ ಹಿಂದಿನಿಂದ ತಳ್ಳಿದೆ.

ನಿನಗೂ ನನಗೂ ಇನ್ನು ಮಾತಿಲ್ಲ. ನಿನ್ನಿಂದ ಪತ್ರ ಬಂದರೆ ಒಡೆಯುವುದಿಲ್ಲ, ಹಾಗೇ ವಾಪಸ್ ಕಳಿಸು ಎಂದು ಅಂಚೆಯವನಿಗೆ ಹೇಳಿದ್ದೇನೆ.